ಇರಲಿ ಮತ್ತು ಇರಲಿ ಬಿಡಿ

ನಿನ್ನೆ ತೆರಿಗೆ ಲೆಕ್ಕಕ್ಕೆ ಅಂತ ಖರ್ಚಿನ ಬಿಲ್ಲುಗಳನ್ನು ಹಿಡಿದು ಆಡಿಟರ್ ಹತ್ತಿರ ಹೋಗಿ ಬಂದೆ. ಹೊಟ್ಟೆ ಉರಿ ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಸ್ವಂತ ಕೆಲಸ. ಕ್ಲೈಂಟುಗಳ ಆಫೀಸಿಗೆ ಹೋಗಿ ಕೇಬಲ್ ಎಳೆದು, ರೂಟರ್ ಕೂರಿಸಿ, ಅವರ ವೈಫೈ ಯಾಕೆ ಬರ್ತಿಲ್ಲ ಅಂತ ನೋಡಿ ಬರುವುದು. ಹಿಂದೆ ಸಂಬಳಕ್ಕಿದ್ದಾಗ ಹೊರಗೆ ಹೋಗಿ ಬಂದರೆ ಬಿಲ್ಲುಗಳನ್ನೆಲ್ಲ ಒಂದು ಕವರಿಗೆ ತುರುಕಿ ಅಕೌಂಟ್ಸ್‌ನವರ ಮೇಜಿನ ಮೇಲೆ ಎಸೆದರೆ ಆಯಿತು, ಮುಂದಿನ ತಿಂಗಳು ದುಡ್ಡು ಬರುತ್ತಿತ್ತು. ಬರದಿದ್ದರೆ ಅವರ ಮೇಲೆ ಹಾರಾಡಬಹುದಿತ್ತು. ಈಗ ಬಾಸ್ ನಾನೇ, ಅಕೌಂಟ್ಸ್ ನಾನೇ, ಹಾರಾಡಿದರೆ ಕನ್ನಡಿ ಮುಂದೆ ನಿಂತು ಹಾರಾಡಬೇಕು.

ವರ್ಷವಿಡೀ ಬಿಲ್ಲುಗಳನ್ನು ನಾನು ಕಾರಿನಲ್ಲಿ, ಪ್ಯಾಂಟಿನ ಜೇಬಿನಲ್ಲಿ, ಟೂಲ್ ಬ್ಯಾಗಿನ ತಳದಲ್ಲಿ ಸಾಕುತ್ತೇನೆ. ಈ ಸಲ ಮಾತ್ರ ಶಿಸ್ತಾಗಿರಬೇಕು ಅಂತ ಅರ್ಧದಷ್ಟನ್ನು ಪ್ಲಾಸ್ಟಿಕ್ ಕವರುಗಳಿರುವ ಫೈಲಿನಲ್ಲಿ ಜೋಡಿಸಿಟ್ಟಿದ್ದೆ. ಮೊನ್ನೆ ರಾತ್ರಿ ತೆಗೆದು ನೋಡಿದರೆ, ಶಿಸ್ತಾಗಿ ಇಟ್ಟಿದ್ದ ಬಿಲ್ಲುಗಳೇ ಬೋಳಾಗಿವೆ! ಬರೀ ಬಿಳಿ ಚೀಟಿ. ಬ್ಯಾಗಿನ ತಳದಲ್ಲಿ ಮುದ್ದೆಯಾಗಿ ಬಿದ್ದಿದ್ದವು ಮಾತ್ರ ಅಕ್ಷರ ಸಮೇತ ಉಳಿದಿದ್ದವು. ಆಮೇಲೆ ಗೊತ್ತಾಯಿತು, ಕೆಲವು ಪ್ಲಾಸ್ಟಿಕ್ ಕವರುಗಳಲ್ಲಿರುವ ಮೆತ್ತಗಾಗಿಸುವ ರಾಸಾಯನಿಕವೇ ಈ ಅಕ್ಷರಗಳನ್ನು ತಿಂದು ಹಾಕುತ್ತದಂತೆ. ಬಿಸಿಲು, ಎಣ್ಣೆ ಕೈ, ಸ್ಯಾನಿಟೈಸರ್, ಎಲ್ಲವೂ ಇದಕ್ಕೆ ಶತ್ರುಗಳೇ.

ಇರಲಿ, ಉಳಿದಿರುವ ಮುದ್ದೆಗಳನ್ನಾದರೂ ನೀಟಾಗಿ ಕೊಡೋಣ ಅಂದುಕೊಂಡೆ. ಕೈಯಲ್ಲಿ ಉಜ್ಜಿದೆ, ದಪ್ಪ ಪುಸ್ತಕದ ಕೆಳಗಿಟ್ಟೆ, ಜಪ್ಪಯ್ಯ ಅಂದರೂ ನೆಟ್ಟಗಾಗಲಿಲ್ಲ. ಆಗ ಇಸ್ತ್ರಿ ಪೆಟ್ಟಿಗೆ ಕಣ್ಣಿಗೆ ಬಿತ್ತು.

ಬುದ್ಧಿವಂತಿಕೆ ಬರುವುದು ಹೀಗೇ ನೋಡಿ, ರಾತ್ರಿ ಹನ್ನೊಂದರ ಮೇಲೆ. ಟವೆಲ್ ಹಾಸಿ, ತೀರಾ ಮುದ್ದೆಯಾಗಿದ್ದ ಒಂಬತ್ತು ಬಿಲ್ಲುಗಳನ್ನು ಸಾಲಾಗಿ ಮಲಗಿಸಿ, ಮೇಲೊಂದು ಕರ್ಚೀಫು ಹೊದಿಸಿ, ಮಗುವನ್ನು ತಟ್ಟಿದ ಹಾಗೆ ಮೆಲ್ಲಗೆ ಇಸ್ತ್ರಿ ಆಡಿಸಿದೆ. ನೀರು ಕುಡಿಯೋಕೆ ಎದ್ದು ಬಂದ ಹೆಂಡತಿ ಬಾಗಿಲಲ್ಲೇ ನಿಂತಳು. "ಮದುವೆಯಾದಾಗಿಂದ ನಿಮ್ಮ ಒಂದು ಅಂಗಿಗೆ ನೀವು ಇಸ್ತ್ರಿ ಹಾಕಿದ್ದು ನೋಡಿಲ್ಲ. ಈಗ ಬಿಲ್ಲಿಗೆ ಹಾಕ್ತಿದೀರಾ?" ನಾನು ಉತ್ತರ ಕೊಡುವ ಗತ್ತಿನಲ್ಲಿ ಕರ್ಚೀಫು ಎತ್ತಿದೆ. ಒಂಬತ್ತೂ ಬಿಲ್ಲುಗಳು ಇದ್ದಿಲಿನ ಹಾಗೆ ಕಪ್ಪಾಗಿದ್ದವು. ಸುಕ್ಕು ಮಾತ್ರ ಪೂರ್ತಿ ಹೋಗಿತ್ತು.

ಆ ಬಿಲ್ಲಿನಲ್ಲಿ ಇಂಕೇ ಇರುವುದಿಲ್ಲವಂತೆ. ಕಾಗದದ ಮೇಲೇ ಬಣ್ಣವಿಲ್ಲದ ಒಂದು ಡೈ, ಜೊತೆಗೊಂದು ಆಮ್ಲದಂಥ ಪುಡಿ ಸವರಿರುತ್ತಾರೆ. ಪ್ರಿಂಟರ್ ಬಿಸಿ ಮುಟ್ಟಿಸಿದ ಕಡೆ ಎರಡೂ ಕರಗಿ ಸೇರಿ ಕಪ್ಪಾಗುತ್ತದೆ, ಅದೇ ಅಕ್ಷರ. ಅಂದರೆ ನಾನು ಮಾಡಿದ್ದೇನು? ಇಡೀ ಬಿಲ್ಲಿನ ತುಂಬ ಒಂದೇ ಒಂದು ದೊಡ್ಡ ಅಕ್ಷರ ಪ್ರಿಂಟ್ ಮಾಡಿದೆ. ಫೈಲಿನವು ಬಿಳಿ, ಇಸ್ತ್ರಿಯವು ಕಪ್ಪು. ಚದುರಂಗ ಆಡಬಹುದಿತ್ತು.

ಇಷ್ಟನ್ನೂ, ಇಸ್ತ್ರಿ ಮುಟ್ಟದೆ ಬಚಾವಾದ ಬಿಲ್ಲುಗಳನ್ನೂ ಹೊತ್ತುಕೊಂಡು ಆಡಿಟರ್ ಮುಂದೆ ಕೂತೆ.

ನಮ್ಮ ಆಡಿಟರ್ ಬಗ್ಗೆ ಹೇಳಲೇಬೇಕು. ಒಳ್ಳೆಯವರು, ಬೈಯುವುದಿಲ್ಲ, ಜಾಸ್ತಿ ಮಾತೂ ಇಲ್ಲ. ಇಡೀ ತೆರಿಗೆ ಕಾನೂನನ್ನು ಅವರು ಎರಡೇ ಮಾತಿನಲ್ಲಿ ಮುಗಿಸುತ್ತಾರೆ. "ಇರಲಿ" ಮತ್ತು "ಇರಲಿ ಬಿಡಿ." ಬಿಲ್ಲನ್ನು ಎತ್ತಿ, ಟ್ಯೂಬ್ ಲೈಟಿಗೆ ಹಿಡಿದು, ಕನ್ನಡಕದ ಕೆಳಗಿಂದ ಒಮ್ಮೆ, ಮೇಲಿಂದ ಒಮ್ಮೆ ನೋಡುತ್ತಾರೆ. "ಇರಲಿ" ಅಂದರೆ ಆ ಬಿಲ್ಲು ಬಲಗಡೆ ಫೈಲಿಗೆ, ಅಷ್ಟು ಖರ್ಚು ಆದಾಯದಲ್ಲಿ ಕಳೆದು ತೆರಿಗೆ ಕಡಿಮೆ, ನನಗೆ ಲಾಭ. "ಇರಲಿ ಬಿಡಿ" ಅಂದರೆ ಎಡಗಡೆ ಬುಟ್ಟಿಗೆ. ಕಷ್ಟ ಏನಪ್ಪಾ ಅಂದರೆ, ಅವರು "ಇರಲಿ" ಅಂದ ಮೇಲೆ ಒಂದು ಉಸಿರು ಎಳೆದುಕೊಳ್ಳುತ್ತಾರೆ. ಆ ಉಸಿರಿನ ಹೊತ್ತಿನಲ್ಲಿ "ಬಿಡಿ" ಬರುತ್ತದೋ ಇಲ್ಲವೋ ಅಂತ ನಾನು ಕುರ್ಚಿಯ ತುದಿಗೆ ಬಂದಿರುತ್ತೇನೆ. ಒಂದು ಪೆಟ್ರೋಲ್ ಬಿಲ್ಲಿಗೆ "ಇರಲಿ" ಅಂದು ಬಲಗಡೆ ಇಟ್ಟೇ ಬಿಟ್ಟರು. ನಾನು ಬೆನ್ನು ಒರಗಿಸಿದೆ. ಎರಡು ಬಿಲ್ಲು ದಾಟಿದ ಮೇಲೆ ಏನೋ ನೆನಪಾದವರಂತೆ ಅದನ್ನೇ ಹಿಂದಕ್ಕೆ ಎಳೆದು, "...ಬಿಡಿ" ಅಂದರು.

"ಯಾಕೆ ಸಾರ್?"

"ಅವತ್ತು ಭಾನುವಾರ."

ಊಟದ ಬಿಲ್ಲುಗಳಿಗೆ ಬಂದಾಗ ಪ್ರಶ್ನೆ ಶುರುವಾಯಿತು. "ಜೊತೆಗೆ ಯಾರಿದ್ರು?" ಯಾರೂ ಇಲ್ಲ ಸಾರ್. "ರಾತ್ರಿ ಅಲ್ಲೇ ಉಳಿದಿದ್ರಾ?" ಇಲ್ಲ ಸಾರ್, ಮಧ್ಯಾಹ್ನದ ಊಟ, ಸಂಜೆಗೆ ವಾಪಸ್. "ಇರಲಿ ಬಿಡಿ." ಮುಂದಿನದು. "ಜೊತೆಗೆ ಯಾರಿದ್ರು?" ಯಾರೂ ಇಲ್ಲ. "ಇರಲಿ ಬಿಡಿ." ಹನ್ನೊಂದು ಸಲ ಹೀಗೆ ಆದ ಮೇಲೆ, ಪಕ್ಕದಲ್ಲಿ ಟೈಪ್ ಮಾಡುತ್ತಿದ್ದ ಹುಡುಗಿ ನನ್ನನ್ನು ಮರುಕದಿಂದ ನೋಡಲು ಶುರುಮಾಡಿದಳು. ಇಷ್ಟೊಂದು ಜನ ಇರುವ ಭೂಮಿಯಲ್ಲಿ ಈ ಮನುಷ್ಯನ ಜೊತೆ ಊಟಕ್ಕೆ ಒಬ್ಬರೂ ಇಲ್ಲವಾ ಅಂತ ಇರಬೇಕು.

ನಾನು ರೇಗಿದೆ. ಕೆಲಸಕ್ಕೆ ಹೋಗದಿದ್ದರೆ ಹೊರಗೆ ಯಾಕೆ ತಿನ್ನುತ್ತಿದ್ದೆ ಸಾರ್, ಮನೇಲಿ ಇದ್ದಿದ್ದರೆ ಇದರ ಕಾಲು ಭಾಗಕ್ಕೆ ಊಟ ಆಗ್ತಿತ್ತು ಅಂದೆ. ಆಗ ಅವರು ಮೊದಲ ಸಲ ಪೆನ್ನು ಕೆಳಗಿಟ್ಟು ಕಥೆ ಹೇಳಿದರು. 1975ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ಬಡಗಿ ಇದೇ ವಾದ ಹಿಡಿದು ಕೋರ್ಟಿಗೆ ಹೋಗಿದ್ದನಂತೆ. ಅವನದೂ ಸ್ವಂತ ಕೆಲಸ. ಮನೆಯಲ್ಲಾದರೆ ಮಧ್ಯಾಹ್ನದ ಊಟ 10 ಪೆನ್ಸ್, ಕೆಲಸದ ಜಾಗದಲ್ಲಿ 40 ಪೆನ್ಸ್, ಹೆಚ್ಚಾದ 30 ಪೆನ್ಸನ್ನಾದರೂ ಖರ್ಚು ಅಂತ ಒಪ್ಪಿಕೊಳ್ಳಿ ಅಂತ ಅವನ ಕೋರಿಕೆ. ಜಡ್ಜ್ ಒಪ್ಪಲಿಲ್ಲ. ಎಲ್ಲರಂತೆ ಅವನೂ ಬದುಕೋಕೆ ತಿನ್ನುತ್ತಾನೆ, ಕೆಲಸ ಮಾಡೋಕೆ ತಿನ್ನುವುದಿಲ್ಲ ಅಂದರಂತೆ.

ಆ ಬಡಗಿ ನನಗೆ ಒಡಹುಟ್ಟಿದವನ ಹಾಗೆ ಕಂಡ. ಬರೀ 30 ಪೆನ್ಸ್ ರೀ! ಅಮೆರಿಕದ್ದು ಇನ್ನೊಂದು ಥರ. ಅಲ್ಲಿ ಕ್ಲೈಂಟ್ ಜೊತೆ ಕೆಲಸದ ಮಾತಾಡುತ್ತಾ ಉಂಡರೂ ಸಾಮಾನ್ಯವಾಗಿ 50 ಪರ್ಸೆಂಟ್ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅಂದರೆ ಎಡಗಡೆ ಹೊಟ್ಟೆ ವ್ಯವಹಾರದ್ದು, ಬಲಗಡೆ ಹೊಟ್ಟೆ ಸ್ವಂತದ್ದು.

ಕಟ್ಟಕಡೆಗೆ ಇಬ್ಬರು ಉಂಡ ಬಿಲ್ಲು ಒಂದು ಸಿಕ್ಕಿತು. ಆಡಿಟರ್ ಮುಖ ಅರಳಿತು. "ಇದು ಕ್ಲೈಂಟಾ?" ನಾನು ಸ್ವಲ್ಪ ಹೊತ್ತು ನೋಡಿದೆ. ಹಳೇ ಆಫೀಸಿನ ಗೆಳೆಯ. ಕೆಲಸದ ಮೇಲೆ ಆ ಕಡೆ ಹೋದಾಗ ಸಿಕ್ಕಿದ್ದ, ಅವನೂ ಈಗ ಸ್ವಂತ ಕೆಲಸಕ್ಕೆ ಇಳಿದಿದ್ದಾನೆ. ಸಂಬಳಕ್ಕಿದ್ದಾಗ ಊಟ ಮುಗಿಯುತ್ತಿದ್ದ ಹಾಗೇ ನಾನು ಕೊಡ್ತೀನಿ, ನಾನು ಕೊಡ್ತೀನಿ ಅಂತ ಪರ್ಸು ಹಿಡಿದು ಜಗ್ಗಾಡುತ್ತಿದ್ದೆವು. ಅವತ್ತು ದುಡ್ಡು ಅರ್ಧರ್ಧ ಹಾಕಿದೆವು, ಜಗ್ಗಾಡಿದ್ದು ಬಿಲ್ಲಿಗೆ. ಇಬ್ಬರೂ ಜೋರಾಗಿ ನಕ್ಕು, ಆಮೇಲೆ ಸುಮ್ನೆ ಕೂತಿದ್ದೆವು. ಸಾಯಂಕಾಲದವರೆಗೂ ಕೂತಿದ್ದೆವು, ಕೆಲಸದ ಮಾತು ಒಂದೂ ಆಡಲಿಲ್ಲ. ಹಾಗೆ ಕೂತು ಉಂಡು ಎಷ್ಟು ಕಾಲವಾಯಿತು.

"ಕ್ಲೈಂಟ್ ಅಲ್ಲ ಸಾರ್, ಸ್ನೇಹಿತ" ಅಂದೆ. ಅವರು ಬುಟ್ಟಿಯ ಕಡೆ ಕೈ ಚಾಚುವ ಮೊದಲೇ ಅದನ್ನು ತೆಗೆದು ಜೇಬಿಗೆ ಇಟ್ಟುಕೊಂಡೆ.

ಕೊನೆಗೆ ಕಪ್ಪು ಬಿಲ್ಲುಗಳು. ಒಂಬತ್ತನ್ನೂ ಇಸ್ಪೀಟಿನ ಹಾಗೆ ಹರಡಿದೆ. ಆಡಿಟರ್ ಒಂದನ್ನು ಟ್ಯೂಬ್ ಲೈಟಿಗೆ ಹಿಡಿದರು. ತಿರುಗಿಸಿ ಹಿಡಿದರು. ಮೂಸಿ ನೋಡಿದರು. ಕಾರ್ಡಿನ ಸ್ಟೇಟ್‌ಮೆಂಟ್ ಇದೆ ಸಾರ್ ಅಂದೆ. ಅದರಲ್ಲಿ ಎಲ್ಲಿ, ಎಷ್ಟು ಅಂತ ಇರುತ್ತೆ, ಏನು, ಯಾಕೆ ಅಂತ ಇರಲ್ಲವಲ್ಲ ಅಂದರು. ಅದೂ ನಿಜವೇ. ಆಮೇಲೆ ಎಂದೂ ಕೇಳದ ಒಂದು ಪ್ರಶ್ನೆ ಕೇಳಿದರು: "ಇಸ್ತ್ರಿ ಹಾಕಿದ್ರಾ?"

ನನ್ನಂಥವರು ಇನ್ನೂ ಇದ್ದಾರೆ ಅಂತ ಆಗ ಸಮಾಧಾನವಾಯಿತು.

ಹೊರಡುವಾಗ ತಮ್ಮ ಫೀಸಿನ ರಶೀದಿ ಕೊಟ್ಟು, "ಇದನ್ನ ಜೋಪಾನವಾಗಿಡಿ, ಮುಂದಿನ ವರ್ಷದ ಖರ್ಚಿಗೆ ಪೂರ್ತಿ ಬರುತ್ತೆ. ಇವತ್ತು ಬಂದು ಹೋಗಿದ್ದರ ಕಿಲೋಮೀಟರೂ ಬರ್ಕೊಳ್ಳಿ" ಅಂದರು. ಕಾರಿಗೆ ಬಂದು ಹೊಸ ನೋಟ್‌ಬುಕ್ ತೆರೆದು ತಾರೀಕು ಹಾಕಿದೆ, ಯಾಕೆ ಹೋಗಿದ್ದೆ ಬರೆದೆ, ಮೀಟರ್ ನೋಡಿ ರೀಡಿಂಗ್ ಹಾಕಿದೆ. ಇಷ್ಟು ನೀಟಾಗಿ ನಾನು ಪರೀಕ್ಷೆಯಲ್ಲೂ ಬರೆದಿರಲಿಲ್ಲ. ಅಷ್ಟರಲ್ಲಿ ಹೆಂಡತಿಯ ಫೋನ್. "ರೀ, ಬರ್ತಾ ಹಾಗೇ ತರಕಾರಿ ತಗೊಂಡು ಬನ್ನಿ. ಅಮ್ಮನ ಮಾತ್ರೆನೂ ಖಾಲಿ. ಆಮೇಲೆ ಟೈಲರ್ ಹತ್ರ..."

ಪುಟ ಹರಿದೆ.