ಆಲಿಸಿದ್ದಾಯ್ತು, ಊಟ ಮಾಡಿ ಹೋಗಿ

ಸಭೆ ಯಶಸ್ವಿಯಾಯಿತಂತೆ. ಪೇಪರಿನಲ್ಲಿ ಬಂದಿದೆ, ಫೋಟೊ ಸಮೇತ. ನಮ್ಮ ಕೊಪ್ಪಳ ಸೀಮೆಯಲ್ಲಿ ಮೊನ್ನೆ ಆದ ಪರಿಸರ ಸಾರ್ವಜನಿಕ ಆಲಿಕೆ ಸಭೆಯ ಮಾತು ಇದು, ಅಂದರೆ ಕಾರ್ಖಾನೆಗೆ ಪರಿಸರ ಅನುಮತಿ ಕೊಡುವ ಮುಂಚೆ ಸುತ್ತಲಿನ ಜನರ ಮಾತು ಕೇಳುವ ಸಭೆ. ಯಾವ ಕಾರ್ಖಾನೆಯದ್ದು ಅಂತ ಕೇಳಬೇಡಿ. ಯಾವುದಾದರೂ ಶಾಮಿಯಾನ ಅದೇ, ಪಲಾವ್ ಅದೇ.

ಯಶಸ್ವಿ ಅಂದರೆ ಇಷ್ಟೇ. ಕುರ್ಚಿ ಮುರಿಯಲಿಲ್ಲ, ಮೈಕು ಕೈಕೊಡಲಿಲ್ಲ, ಊಟ ಸಾಲಲಿಲ್ಲ ಅಂತ ಯಾರೂ ಜಗಳ ತೆಗೆಯಲಿಲ್ಲ.

ಆಲಿಕೆ ಎಷ್ಟು ಚೆಂದದ ಪದ ನೋಡಿ. ಆಲಿಸು ಅಂದರೆ ಕಿವಿಗೊಟ್ಟು ಕೇಳು. ಆದರೆ ಯಾರು ಕೇಳಬೇಕು ಅಂತ ಪದದೊಳಗೆ ಇಲ್ಲವಲ್ಲ! ಹಾಗಾಗಿ ನಾವೇ ಕೇಳಿದೆವು. ಸ್ವಾಗತ ಕೇಳಿದೆವು, ಪ್ರಾಸ್ತಾವಿಕ ಕೇಳಿದೆವು. ಆಮೇಲೆ ಪರದೆ ಮೇಲೆ ಕಾರ್ಖಾನೆ ತೋರಿಸಿದರು. ಚಿಮಣಿ ಇತ್ತು, ಹೊಗೆ ಇರಲಿಲ್ಲ. ಸುತ್ತ ಎಂಥಾ ಹಸಿರು ಹುಲ್ಲು ಅಂತೀರಿ! ನನ್ನ ಪಕ್ಕದವರಿಗೆ ತಮ್ಮ ಎಮ್ಮೆ ನೆನಪಾಯಿತು.

ಒಬ್ಬ ಭಾಷಣಕಾರರು ಅನುಭವ ಮಂಟಪದಿಂದ ಶುರು ಮಾಡಿದರು. ಇಲ್ಲಿ ಯಾವ ಸಭೆಯಾದರೂ ಅಲ್ಲಿಂದಲೇ ಶುರುವಾಗಬೇಕು, ಅದು ಪದ್ಧತಿ. ಹನ್ನೆರಡನೇ ಶತಮಾನದಲ್ಲೇ ನಮ್ಮಲ್ಲಿ ಸಂವಾದ ಇತ್ತು ಅಂದರು. ನಿಜ. ಅಲ್ಲಿ ಮಡಿವಾಳ ಮಾಚಯ್ಯ, ಕಟ್ಟಿಗೆ ಮಾರುವ ಮಾರಯ್ಯ ಎಲ್ಲರೂ ಕೂತು ಮಾತಾಡುತ್ತಿದ್ದರು, ಬಾಗಿಲಲ್ಲಿ ಯಾರೂ ಆಧಾರ್ ಕಾರ್ಡ್ ನೋಡುತ್ತಿರಲಿಲ್ಲ. ಅಲ್ಲಿದ್ದ ಶೂನ್ಯ ಸಿಂಹಾಸನ ಮಾತ್ರ ನಮ್ಮ ಸಭೆಯಲ್ಲೂ ಇತ್ತು. ಹನ್ನೊಂದಕ್ಕೆ ಬರಬೇಕಿದ್ದ ಸಾಹೇಬರು ಹನ್ನೆರಡೂವರೆಗೆ ಬರುವವರೆಗೂ ವೇದಿಕೆಯ ನಡುವಿನ ಕುರ್ಚಿ ಶೂನ್ಯವಾಗಿಯೇ ಇತ್ತು.

ಇದೆಲ್ಲ ಕಾನೂನಿನ ಪ್ರಕಾರವೇ ನಡೆಯುತ್ತದೆ, ತಪ್ಪು ತಿಳಿಯಬೇಡಿ. ಕೇಂದ್ರ ಪರಿಸರ ಸಚಿವಾಲಯದ 2006ರ ಸೆಪ್ಟೆಂಬರ್ 14ರ ಅಧಿಸೂಚನೆ ಎಲ್ಲವನ್ನೂ ಹೇಳಿದೆ. 30 ದಿನ ಮುಂಚೆ ನೋಟಿಸ್ ಕೊಡಬೇಕು. ಸಭೆಯನ್ನು ಪೂರ್ತಿ ವಿಡಿಯೊ ಮಾಡಬೇಕು. ನನಗೆ ಬಹಳ ಇಷ್ಟವಾದ ಸಾಲು ಮಾತ್ರ ಬೇರೆ: ಸಭೆ ಶುರು ಮಾಡಲು ಕೋರಂ, ಅಂದರೆ ಕನಿಷ್ಠ ಇಷ್ಟು ಜನ ಅನ್ನುವ ಲೆಕ್ಕ, ಬೇಕಿಲ್ಲ. ಹಳ್ಳಿಯ ಗ್ರಾಮ ಸಭೆಗೆ ಕೋರಂ ಬೇಕು, ಇದಕ್ಕೆ ಬೇಡ. ಸಾರ್ವಜನಿಕರು ಒಬ್ಬರೂ ಬರದಿದ್ದರೂ ಸಾರ್ವಜನಿಕ ಸಭೆ ಮಾಡಬಹುದು. ಹೆಣ್ಣಿಲ್ಲ, ಗಂಡಿಲ್ಲ, ಆದರೂ ಅಕ್ಷತೆ ಹಾಕಿ ಅಂದ ಹಾಗೆ.

ಆ 30 ದಿನವೂ ಜಾಸ್ತಿ ಆಯ್ತು ಅಂತ 2020ರಲ್ಲಿ ಕೇಂದ್ರದವರು ಹೊಸ ಅಧಿಸೂಚನೆಯ ಒಂದು ಕರಡು ತಂದರು. 20 ದಿನ ಸಾಕಂತೆ. ಈ ಕರಡಿನ ಬಗ್ಗೆ ದೇಶದ ಜನರೇ ನಿಮ್ಮ ಅಭಿಪ್ರಾಯ ಹೇಳಿ ಅಂತ ಕೇಳಿದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಉಳಿದ ಭಾಷೆಗಳಿಗೂ ತನ್ನಿ ಅಂತ ದೆಹಲಿ ಹೈಕೋರ್ಟ್ ಹೇಳಬೇಕಾಯಿತು.

ಭಾಷೆ ಅಂದ ಕೂಡಲೇ ನೆನಪಾಯಿತು. ಪರಿಸರ ವರದಿ ಪೂರ್ತಿ ಇಂಗ್ಲಿಷಿನಲ್ಲಿ, ತಲೆದಿಂಬಿಗಿಂತ ದಪ್ಪ. ಕನ್ನಡದಲ್ಲಿ ಅದರ ಸಾರಾಂಶ ಮಾತ್ರ. ಅದನ್ನು ಯಾವ ಯಂತ್ರ ಅನುವಾದ ಮಾಡಿತೋ ಶಿವನೇ ಬಲ್ಲ. 'ಸ್ಟೀಲ್ ಪ್ಲಾಂಟ್' ಅನ್ನುವುದು 'ಉಕ್ಕಿನ ಸಸ್ಯ' ಆಗಿತ್ತು. ಒಂದು ಕಡೆ ಅಲ್ಲ, ಉದ್ದಕ್ಕೂ. ಸದರಿ ಉಕ್ಕಿನ ಸಸ್ಯವನ್ನು ಎರಡು ಹಂತಗಳಲ್ಲಿ ವಿಸ್ತರಿಸಲಾಗುವುದು, ಹೀಗೆ.

ಹಿರಿಯ ರೈತರೊಬ್ಬರು ಅದನ್ನು ಓದಿಸಿಕೊಂಡು ಬಂದಿದ್ದರು. ಮೈಕು ಸಿಕ್ಕ ಕೂಡಲೇ ಕೇಳಿದರು: "ಸಾಹೇಬ್ರ, ಈ ಉಕ್ಕಿನ ಸಸ್ಯಕ್ಕ ನೀರು ಎಷ್ಟು ಬೇಕ್ರಿ? ಎಲ್ಲಿಂದ ಹರಸ್ತೀರಿ?"

ವೇದಿಕೆ ಮೇಲೆ ನಗು. ಕೆಳಗೂ ನಗು. ನಾನೂ ನಕ್ಕೆ, ಆಮೇಲೆ ನಾಚಿಕೆಯಾಯಿತು. ಇಡೀ ದಿನದಲ್ಲಿ ಬಂದ ಸರಿಯಾದ ಪ್ರಶ್ನೆ ಅದೊಂದೇ. ತುಂಗಭದ್ರೆಗೆ ಅಣೆಕಟ್ಟು ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿ ಹೋದಾಗ ಈ ಕಡೆ ಎಷ್ಟು ಮನೆಗಳಲ್ಲಿ ನಿದ್ದೆ ಇರಲಿಲ್ಲ ಅಂತ ಎಲ್ಲರಿಗೂ ಗೊತ್ತು. ಮಾನ್ವಿ, ಸಿರವಾರದ ಕೊನೆ ಭಾಗದ ರೈತರು ನೀರು ಬಂತಾ ಅಂತ ಕಾಲುವೆಯನ್ನೇ ನೋಡುತ್ತಾ ಕೂರುತ್ತಾರೆ. ನೀರೆಷ್ಟು ಅಂತ ಕೇಳಿದ್ದಕ್ಕೆ ವೇದಿಕೆಯಿಂದ ಬಂದ ಉತ್ತರ: "ಕೂತ್ಕೊಳ್ಳಿ ಅಜ್ಜಾರ, ಎಲ್ಲಾ ನಿಯಮಾನುಸಾರ ಇದೆ."

ನಾನು ಎದ್ದು ಮಿರ್ಚಿ ಬಂಡಿ ಹತ್ತಿರ ಹೋದೆ.

ನಮ್ಮಲ್ಲಿ ಸಂವಾದ ನಡೆಯುವುದೇ ಅಲ್ಲಿ. ಮಂಡಕ್ಕಿ ಒಗ್ಗರಣಿ, ಮಿರ್ಚಿ, ಅರ್ಧ ಕಪ್ ಚಹಾ. ಸ್ವಾಗತ ಭಾಷಣ ಇಲ್ಲ, ಶಾಲು ಇಲ್ಲ, ಎರಡು ನಿಮಿಷ ಮುಗೀತು ಅಂತ ಗಂಟೆ ಬಾರಿಸುವವರು ಇಲ್ಲ. ಬಾಯಿ ಸುಟ್ಟಾಗ ಮಾತ್ರ ಸ್ವಲ್ಪ ವಿರಾಮ. ಅಲ್ಲಿ ಒಬ್ಬರು ಕಾರ್ಖಾನೆ ಬರಲೇಬೇಕು ಅಂತ ಜೋರಾಗಿ ವಾದ ಮಾಡುತ್ತಿದ್ದರು. ಎರಡನೇ ಮಿರ್ಚಿ ಹೊತ್ತಿಗೆ ಅವರೇ ಬರಬಾರದು ಅಂತ ಅಷ್ಟೇ ಜೋರಾಗಿ ಹೇಳತೊಡಗಿದರು. ಏನ್ರೀ ಇದು ಅಂದೆ.

"ನನ್ನ ಮಗನ ಪಗಾರ ಅಲ್ಲಿಂದನ ಬರ್ತೈತ್ರಿ. ಮೊಮ್ಮಗನ ಕೆಮ್ಮೂ ಅಲ್ಲಿಂದನ ಬರ್ತೈತಿ. ನಾ ಯಾವ ಕಡೆ ಕುಂದರ್ಲಿ?"

ಒಳಗೆ ಕುರ್ಚಿಗಳು ಎರಡೇ ಕಡೆ ಇದ್ದವು. ಪರದವರು ಆ ಕಡೆ, ವಿರೋಧದವರು ಈ ಕಡೆ. ಪರದವರಿಗೆ ಟೋಪಿ ಕೊಟ್ಟಿದ್ದರು. ಕೆಲವರು ಬಸ್ಸಿನಲ್ಲಿ ಬಂದಿದ್ದರು, ಯಾವ ಊರಿಗೆ ಬಂದಿದ್ದೇವೆ ಅಂತ ನನ್ನನ್ನೇ ಕೇಳಿದರು. ಎರಡೂ ಕಡೆ ಒಟ್ಟಿಗೆ ಇರುವ ಈ ಮನುಷ್ಯನಿಗೆ ಒಳಗೆ ಕುರ್ಚಿ ಇರಲಿಲ್ಲ.

ಜನರನ್ನು ಸೇರಿಸುವುದರಲ್ಲಿ ನಾವು ಹಿಂದೆ ಬಿದ್ದಿದ್ದೇವೆ ಅಂತ ಯಾರೂ ಹೇಳುವಂತಿಲ್ಲ. 2024ರ ಸೆಪ್ಟೆಂಬರ್ 15ರಂದು, ಪ್ರಜಾಪ್ರಭುತ್ವ ದಿನ ಅಂತ, ಬೀದರ್‌ನಿಂದ ಚಾಮರಾಜನಗರದವರೆಗೆ 2,500 ಕಿಲೋಮೀಟರ್ ಮಾನವ ಸರಪಳಿ ಮಾಡಲಿಲ್ಲವೇ? ಚೆಂದ ಇತ್ತು. ಒಂದೇ ತೊಂದರೆ: ಎರಡೂ ಕೈ ಅಕ್ಕಪಕ್ಕದವರ ಕೈಯಲ್ಲಿ. ಪ್ರಶ್ನೆ ಕೇಳೋಣ ಅಂದರೆ ಎತ್ತಲು ಕೈಯೇ ಇರಲಿಲ್ಲ.

ಮತ್ತೆ ಒಳಗೆ ಬಂದಾಗ ಒಬ್ಬ ತಾಯಿ ಮೈಕಿನ ಮುಂದೆ ನಿಂತಿದ್ದರು. ಒಂದು ದಿನದ ಕೂಲಿ ಬಿಟ್ಟು ಬಂದವರು. ಕ್ಯಾರಿ ಬ್ಯಾಗಿನಲ್ಲಿ ಒಂದು ಹಿಡಿ ಹತ್ತಿ ತಂದಿದ್ದರು. ಹತ್ತಿ ಕಪ್ಪಗಿತ್ತು. ಬ್ಯಾಗು ಬಿಚ್ಚುತ್ತಿದ್ದ ಹಾಗೆ ಗಂಟೆ ಬಾರಿಸಿದರು. ಸಂಕ್ಷಿಪ್ತವಾಗಿ ಹೇಳಿ ಅಮ್ಮ ಅಂದರು. ಆಕೆ ಬ್ಯಾಗಿಗೆ ಮತ್ತೆ ಗಂಟು ಹಾಕಿಕೊಂಡು ಹೋದರು.

ಇಷ್ಟು ಹೊತ್ತು ತಮಾಷೆ ಮಾಡಿದೆ. ಇದಕ್ಕೆ ಮಾಡಲಾರೆ. ಇಷ್ಟು ವರ್ಷ ಮನೆ ಮೇಲೆ, ಹೊಲದ ಮೇಲೆ, ರೊಟ್ಟಿ ಮೇಲೆ ಬಿದ್ದ ಕರಿಬೂದಿಯನ್ನು ಎರಡು ನಿಮಿಷದಲ್ಲಿ ಹೇಗೆ ಹೇಳುತ್ತಾರೆ? ಕೇಳುವ ಮನಸ್ಸಿಲ್ಲದಿದ್ದರೆ ಕರೆಯಬೇಡಿ. ಕರೆಯದೇ ಬಂದು ಕೂತವರ ಗತಿಯೂ ನೋಡಿದ್ದೇವೆ. ರಾಯಚೂರಿಗೆ ಏಮ್ಸ್ ಆಸ್ಪತ್ರೆ ಬೇಕು ಅಂತ 2022ರ ಮೇ ತಿಂಗಳಲ್ಲಿ ಧರಣಿ ಕೂತವರು ಸಾವಿರ ದಿನ ದಾಟಿಸಿದರು. ಕರೆದರೂ ಕೇಳುವುದಿಲ್ಲ, ಕೂತರೂ ಕೇಳುವುದಿಲ್ಲ. ಸಾಕಾಗಿದೆ.

ಕೊನೆಗೆ ಒಂದು ನಿಯಮ ಉಳಿದಿತ್ತು. ಸಭೆಯಲ್ಲಿ ಬಂದ ಮಾತುಗಳ ಸಾರವನ್ನು ಜನರಿಗೆ ಅವರ ಭಾಷೆಯಲ್ಲೇ ಓದಿ ಹೇಳಬೇಕು. ಓದಿದರು. ಜನ ಅಷ್ಟರಲ್ಲಿ ಊಟದ ಸಾಲಿನಲ್ಲಿದ್ದರು. ಕೇಳಲು ಉಳಿದವರು ನಾನು, ವಿಡಿಯೊದವನು, ಮತ್ತು ನನ್ನ ಕುರ್ಚಿ ಯಾವಾಗ ಖಾಲಿಯಾಗುತ್ತದೆ ಅಂತ ಕಾಯುತ್ತಿದ್ದ ಶಾಮಿಯಾನದ ಹುಡುಗ.

ಹತ್ತಿಯ ಮಾತು ಅದರಲ್ಲಿ ಇರಲಿಲ್ಲ. ನೀರಿನ ಮಾತು ಇತ್ತು. ಏಳನೇ ಅಂಶ: "ಸಸ್ಯಗಳಿಗೆ ಸಮರ್ಪಕವಾಗಿ ನೀರುಣಿಸುವಂತೆ ರೈತರೊಬ್ಬರು ಸಲಹೆ ನೀಡಿದರು. ಸಲಹೆಯನ್ನು ಸ್ವಾಗತಿಸಲಾಯಿತು."