ಹಡಗು ಹತ್ತುವವರ ಪಜೀತಿ

ಮೇ ತಿಂಗಳಲ್ಲಿ ಬಿಸಿಲು 43 ಡಿಗ್ರಿ ದಾಟಿ, ಕರೆಂಟು ಹೋಗಿ, ಕೂಲರ್ ಬಾಯಿ ಮುಚ್ಚಿದ ಮಧ್ಯಾಹ್ನ ಕಲಬುರಗಿಯ ಮನೆಗಳಲ್ಲಿ ಸಮುದ್ರದ ಮಾತು ಏಳುತ್ತದೆ. ‘ಈ ಸಲ ಹಡಗಿನ್ಯಾಗ ಹೋಗೂಣು ನಡೀರಿ’ ಅಂತ ವೈನಿ ಅನ್ನುತ್ತಾರೆ. ‘ಯಾವ ಹಡಗಿನ್ಯಾಗ್ರೀ?’ ಅಂತ ಯಾರೂ ಕೇಳುವುದಿಲ್ಲ. ಪಜೀತಿ ಶುರುವಾಗುವುದೇ ಅಲ್ಲಿಂದ.

ಹಡಗಿನಲ್ಲಿ ಎರಡು ಬಗೆ. ಕ್ರೂಸ್, ಅಂದರೆ ಮೋಜಿನ ಪ್ರವಾಸದ ಹಡಗು, ಮದುವೆಗೆ ಹೊರಟ ಬಸ್ಸು. ಹಾಡು, ಗದ್ದಲ, ಒಬ್ಬರ ಕಾಲು ಇನ್ನೊಬ್ಬರು ತುಳಿಯುವುದು, ಮುಗಿಯದ ಊಟ. 2024ರಲ್ಲಿ ಸಂಚಾರ ಶುರುಮಾಡಿದ ‘ಐಕಾನ್ ಆಫ್ ದ ಸೀಸ್’ ಹಡಗಿಗೆ 20 ಅಂತಸ್ತು. ತುಂಬಿದರೆ ಸುಮಾರು 7,600 ಪ್ರಯಾಣಿಕರು. ನಮ್ಮ ಕಡೆಯ ಒಂದು ದೊಡ್ಡ ಹಳ್ಳಿಯೇ ನೀರಿನ ಮೇಲೆ ಹೊರಟಂತೆ. ಸರಕು ಹಡಗು ಅಂದರೆ ತೊಗರಿ ಲಾರಿ. ಡ್ರೈವರ್ ಪಕ್ಕದಲ್ಲಿ ಜಾಗ ಇದ್ದರೆ ಕೂಡಿಸಿಕೊಳ್ಳುತ್ತಾರೆ, ಆದರೆ ಲಾರಿ ಹೊರಟದ್ದು ತೊಗರಿಗಾಗಿ, ನಿಮಗಾಗಿ ಅಲ್ಲ. ಅಲ್ಲಿ ಹೆಚ್ಚೆಂದರೆ 12 ಪ್ರಯಾಣಿಕರು. ಹದಿಮೂರನೆಯವನು ಕಾಲಿಟ್ಟರೆ ಅಂತರರಾಷ್ಟ್ರೀಯ ಸುರಕ್ಷತಾ ನಿಯಮದ ಲೆಕ್ಕದಲ್ಲಿ ಅದು ‘ಪ್ರಯಾಣಿಕರ ಹಡಗು’ ಆಗಿಬಿಡುತ್ತದೆ, ಲೈಫ್‌ಬೋಟಿನಿಂದ ಹಿಡಿದು ಎಲ್ಲ ಏರ್ಪಾಡೂ ಬದಲಾಗಬೇಕು. ಮೊದಲು ದಿನಕ್ಕೆ ಸುಮಾರು 100 ಯೂರೋಗೆ ಕ್ಯಾಬಿನ್ ಸಿಗುತ್ತಿತ್ತು. 2020ರ ಕೋವಿಡ್ ಹೊತ್ತಿಗೆ ಹೆಚ್ಚಿನ ಕಂಪನಿಗಳು ಈ ಬಾಗಿಲು ಮುಚ್ಚಿದವು. ಮತ್ತೆ ತೆರೆದವು ಕೆಲವೇ ಕೆಲವು.

ಎರಡಕ್ಕೂ ಒಂದೇ ಗಡಿಯಾರ ಕಟ್ಟಿಕೊಂಡು ಹೋದರೆ ಕೆಟ್ಟಿರಿ. ಕ್ರೂಸಿನಲ್ಲಿ ತಡ ಮಾಡಿದವರಿಗೆ ಪಜೀತಿ; ಸರಕು ಹಡಗಿನಲ್ಲಿ ಹೇಳಿದ ವೇಳೆಗೆ ಸರಿಯಾಗಿ ಬಂದವರಿಗೆ.

ಮುಂಬೈನ ಬಲ್ಲಾರ್ಡ್ ಪಿಯರ್‌ನಲ್ಲಿ ಕ್ರೂಸ್ ಹತ್ತುವವರು ‘ರಾತ್ರಿ ಗಾಡಿಗಿ ಕುಂತ್ರ ಮುಂಜಾನೆ ಮುಂಬೈ’ ಅಂತ ಅದೇ ದಿನದ ಲೆಕ್ಕ ಹಾಕುತ್ತಾರೆ. ಕಲಬುರಗಿಗೆ ಬರುವ ಮೊದಲೇ ವಾಡಿಯಲ್ಲಿ ಸಿಮೆಂಟಿನ ಗೂಡ್ಸ್ ಗಾಡಿಗೆ ದಾರಿ ಬಿಟ್ಟು ರೈಲು ನಿಂತರೆ ಆ ಲೆಕ್ಕ ಅಲ್ಲೇ ಮುಗಿಯಿತು. ಚೆಕ್-ಇನ್ ಬಾಗಿಲು ಹಡಗು ಬಿಡುವ ಒಂದು ಗಂಟೆ ಮೊದಲೋ ಅದಕ್ಕೂ ಮೊದಲೋ ಮುಚ್ಚುತ್ತದೆ. ಬಂದರಿನ ದಾರಿ ತೋರಿಸುವ ಪೈಲಟ್, ಹಡಗನ್ನು ಎಳೆಯುವ ಟಗ್ ದೋಣಿ, ಹಡಗು ನಿಲ್ಲುವ ಜಾಗವಾದ ಬರ್ತು ಎಲ್ಲಕ್ಕೂ ಗಂಟೆಯ ಲೆಕ್ಕದಲ್ಲಿ ದುಡ್ಡು. ಕಾಕಾ ಬರಲಿಲ್ಲ ಅಂತ ಯಾರೂ ಹಗ್ಗ ಹಿಡಿದು ನಿಲ್ಲುವುದಿಲ್ಲ. ಹಿಂದಿನ ದಿನವೇ ಹೋಗಿ ಬಿದ್ದುಕೊಳ್ಳಬೇಕು. ನಡುವೆ ಯಾವುದೋ ಊರಲ್ಲಿ ಇಳಿದಾಗಲೂ ಇದೇ ಗತಿ. ಮೊಬೈಲು ತಾನೇ ಆ ಊರಿನ ವೇಳೆಗೆ ತಿರುಗುತ್ತದೆ, ಹಡಗಿನ ಗಡಿಯಾರ ತಿರುಗಲೇಬೇಕೆಂದಿಲ್ಲ. ಕೈಗಡಿಯಾರವನ್ನು ಹಡಗಿನ ವೇಳೆಗೆ ಇಟ್ಟು ಮುಟ್ಟದೆ ಬಿಡುವುದು ಒಂದೇ ಉಪಾಯ. ಹಡಗಿನವರೇ ಏರ್ಪಡಿಸಿದ ಪ್ರವಾಸದ ಬಸ್ಸು ತಡವಾದರೆ ಕಾಯುತ್ತಾರೆ. ನೀವೇ ಹಿಡಿದ ಟ್ಯಾಕ್ಸಿಯದು ನಿಮ್ಮ ಹಣೆಬರಹ.

ಇನ್ನು ಬ್ಯಾಗಿನ ಸ್ಕ್ಯಾನರ್. ಚಹಾಕ್ಕೆಂದು ಒಯ್ದ ಕೆಟಲ್, ಇಸ್ತ್ರಿಪೆಟ್ಟಿಗೆ, ಎಕ್ಸ್‌ಟೆನ್ಶನ್ ಬೋರ್ಡು ಹೆಚ್ಚಾಗಿ ಅಲ್ಲೇ ಉಳಿಯುತ್ತವೆ, ಚೀಟಿ ಕಟ್ಟಿ ಇಟ್ಟು ಇಳಿಯುವಾಗ ಕೊಡುತ್ತಾರೆ. ನೀರು ಕಾಯಿಸುವ ರಾಡ್ ಒಯ್ದವರನ್ನು ಹೇಗೆ ನೋಡುತ್ತಾರೆ ಅಂತ ಹೇಳುವುದು ಬೇಡ. ಸಮುದ್ರದ ನಡುವೆ ಬೆಂಕಿ ಹತ್ತಿದರೆ ಫೈರ್ ಎಂಜಿನ್ ಬರುವುದಿಲ್ಲ, ಅದಕ್ಕೇ ಈ ಕಟ್ಟುನಿಟ್ಟು. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಇಲ್ಲವಾದರೆ ಅದು ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದು, ‘ಊಟ ಆಯ್ತೇನವಾ?’ ಅನ್ನುವ ಒಂದು ಮಾತಿಗೆ ಒಂದು ಸೀರೆಯ ದುಡ್ಡು ಎಳೆಯುತ್ತದೆ. ಟಿಪ್ಸು ನಾವು ಖುಷಿಯಿಂದ ಕೊಡುವುದು ಅಂದುಕೊಂಡಿದ್ದರೆ, ಬಹಳ ಹಡಗುಗಳಲ್ಲಿ ತಲೆಗೆ, ದಿನಕ್ಕೆ ಇಷ್ಟು ಅಂತ ತಾನೇ ಬಿಲ್ಲಿಗೆ ಸೇರಿರುತ್ತದೆ.

ಸರಕು ಹಡಗಿನದು ಇನ್ನೊಂದೇ ಲೋಕ. ಟಿಕೆಟ್ ಮೇಲಿನ ತಾರೀಖನ್ನು ಮದುವೆ ಮುಹೂರ್ತ ಅಂತ ನಂಬಬೇಡಿ. ಜೋರು ಗಾಳಿ ಬೀಸಿದರೆ ಕ್ರೇನುಗಳು ನಿಲ್ಲುತ್ತವೆ, ಬರ್ತು ಖಾಲಿ ಇಲ್ಲದಿದ್ದರೆ ಹಡಗು ಹೊರಗೇ ಲಂಗರು ಹಾಕುತ್ತದೆ, ಎಣ್ಣೆ ಉಳಿಸಲು ನಿಧಾನ ನಡೆಯುತ್ತದೆ. 18 ನಾಟ್ ಅಂದರೆ ಗಂಟೆಗೆ 33 ಕಿಲೋಮೀಟರ್. ಆಳಂದದ ಮೂರು ಗಾಲಿಯ ಟಂಟಂ ಅದನ್ನು ಹಿಂದೆ ಹಾಕಿ ಹಾರ್ನ್ ಹೊಡೆದು ಹೋಗುತ್ತದೆ. ಎರಡು ಮೂರು ದಿನ ಬಂದರಿನ ಊರಲ್ಲಿ ಲಾಡ್ಜ್ ಹಿಡಿದು ಏಜೆಂಟನ ಫೋನಿಗೆ ಕಾಯುವ ದುಡ್ಡು ಕೈಯಲ್ಲಿರಬೇಕು. ಬಂದರುಗಳ ಸರದಿಯೂ ಹಿಂದುಮುಂದಾಗುತ್ತದೆ, ಆದ್ದರಿಂದ ಹಲವು ಸಲ ಪ್ರವೇಶದ ವೀಸಾ ಇಲ್ಲದೆ ಹೊರಡುವುದು ಹುಡುಗಾಟ. ಹಡಗಿನಲ್ಲಿ ಡಾಕ್ಟರ್ ಇರುವುದಿಲ್ಲ, ಔಷಧಿ ಪೆಟ್ಟಿಗೆ ಯಾರೋ ಒಬ್ಬ ಆಫೀಸರನ ಕೈಯಲ್ಲಿ. ಅದಕ್ಕೇ ವೈದ್ಯಕೀಯ ಸರ್ಟಿಫಿಕೇಟು, ವಿಮೆ ಕೇಳುತ್ತಾರೆ, ವಯಸ್ಸಿನ ಮಿತಿ ಇಡುತ್ತಾರೆ. ಮುತ್ಯಾನನ್ನು ಕರೆದೊಯ್ಯುವ ಆಸೆ ಅಲ್ಲಿಗೇ ಬಿಡಿ.

ಕ್ಯಾಬಿನ್ ಮಾತ್ರ ದೊಡ್ಡದು. ಕ್ರೂಸಿನ ಕಿಟಕಿಯಿಲ್ಲದ ಖೋಲಿಗಿಂತ ಎಷ್ಟೋ ಪಾಲು ಮೇಲು ಅಂತ ನನ್ನ ಮತ. ಆದರೆ ‘ಮುಂದಿನ ಕಿಟಕಿ’ ಅಂತ ಹಟ ಹಿಡಿದು ಕೆಳಗಿನ ಅಂತಸ್ತು ತೆಗೆದುಕೊಂಡರೆ, ಪರದೆ ಸರಿಸಿದಾಗ ಕಾಣುವುದು ಎಂಟೂವರೆ ಅಡಿ ಎತ್ತರದ ಕಂಟೇನರು, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಪಕ್ಕದ ಕಿಟಕಿ ಕೇಳಬೇಕು.

ಹೊಯ್ದಾಟಕ್ಕೆ ತಯಾರಿರಿ. ಕ್ರೂಸಿನ ಹೊಟ್ಟೆಯ ಎರಡೂ ಬದಿಗೆ ಮೀನಿನ ರೆಕ್ಕೆಯಂಥ ಸ್ಟೆಬಿಲೈಸರ್ ಚಾಚಿಕೊಂಡಿರುತ್ತದೆ. ಸರಕು ಹಡಗುಗಳಲ್ಲಿ ಅದು ಅಪರೂಪ. ಮೇಲಾಗಿ ನಿಮ್ಮ ಖೋಲಿ ಎತ್ತರದಲ್ಲಿ, ತೂಗುವುದು ಹೆಚ್ಚು. ಮಾತ್ರೆಯನ್ನು ಹೊಟ್ಟೆ ತೊಳಸಿದ ಮೇಲಲ್ಲ, ಮೊದಲೇ ನುಂಗಬೇಕು. ರಾತ್ರಿ ಮಂಚದಿಂದ ಉರುಳದಂತೆ ನಾವಿಕರು ಲೈಫ್ ಜಾಕೆಟ್ಟನ್ನು ಹಾಸಿಗೆಯ ಹೊರ ಅಂಚಿನ ಕೆಳಗೆ ತುರುಕುತ್ತಾರೆ. ಹಾಸಿಗೆ ಗೋಡೆಯ ಕಡೆ ವಾಲಿ ತೊಟ್ಟಿಲಾಗುತ್ತದೆ. ಊಟದ ಮೇಜಿನ ಬಟ್ಟೆಗೆ ನೀರು ಚಿಮುಕಿಸುತ್ತಾರೆ, ಒದ್ದೆ ಬಟ್ಟೆಯ ಮೇಲೆ ತಟ್ಟೆ ಜಾರುವುದಿಲ್ಲ. ಸೂಟ್‌ಕೇಸನ್ನು ನಿಲ್ಲಿಸಿ ಇಟ್ಟವರು ರಾತ್ರಿಯೆಲ್ಲ ಅದರ ಗಾಲಿಯ ಸದ್ದು ಕೇಳುತ್ತಾರೆ.

ಊಟದ ವೇಳೆಯೇ ಕಡೆಯ ಸಂಕಟ. ತಿಂಡಿ ಏಳೂವರೆಗೆ, ಊಟ ಹನ್ನೆರಡಕ್ಕೆ, ರಾತ್ರಿಯೂಟ ಸಂಜೆ ಐದೂವರೆಗೆ. ಐದೂವರೆ ಅಂದರೆ ಕಲಬುರಗಿಯಲ್ಲಿ ಮಿರ್ಚಿ ಭಜಿಯ ವೇಳೆ. ಅಡುಗೆಯವನು ಫಿಲಿಪ್ಪೀನ್ಸಿನವನಾದರೆ ಅನ್ನಕ್ಕೆ ಬರ ಇಲ್ಲ, ಪಕ್ಕದಲ್ಲಿ ಮೀನೋ ಮಾಂಸವೋ ಇರುತ್ತದೆ. ಶಾಕಾಹಾರಿಗಳು ಮೊದಲೇ ಹೇಳಿಡಬೇಕು. ಐದೂವರೆಯಿಂದ ಮರುದಿನ ಏಳೂವರೆಗೆ 14 ಗಂಟೆ. ಹಡಗು ಪಶ್ಚಿಮಕ್ಕೆ ಹೊರಟಿದ್ದರೆ, ಹೊಸ ಕಾಲವಲಯ ಬಂದ ರಾತ್ರಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಹಸಿವಿಗೆ 15 ಗಂಟೆ. ಮೆಸ್‌ನ ಫ್ರಿಜ್‌ನಲ್ಲಿ ಬ್ರೆಡ್ಡು, ಚೀಸು ಸಿಕ್ಕೀತು. ಆದರೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡವರೇ ಜಾಣರು: ತೇವ ತಾಗದಂತೆ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿದರೆ ವಾರಗಟ್ಟಲೆ ಕೆಡುವುದಿಲ್ಲ. ಅದನ್ನು ಬಂದರಿಗೆ ಮಾತ್ರ ಇಳಿಸಬೇಡಿ, ಆಸ್ಟ್ರೇಲಿಯಾದಂಥ ಕಡೆ ದಂಡ ಬೀಳಬಹುದು. ರಾತ್ರಿ ಹತ್ತಕ್ಕೆ, ಎಂಜಿನ್ನಿನ ಗುಂಯ್‌ಗುಡುವಿಕೆ ಬಿಟ್ಟರೆ ಇಡೀ ಹಡಗು ಮಲಗಿರುವಾಗ, ರೊಟ್ಟಿ ಮುರಿದರೆ ‘ಕಟಕ್’ ಅನ್ನುತ್ತದೆ. ಪಕ್ಕದ ಕ್ಯಾಬಿನ್ನಿನವರು ಬಾಗಿಲು ತಟ್ಟುತ್ತಾರೆ, ಅವರಿಗೂ ಒಂದು ರೊಟ್ಟಿ ಹೆಚ್ಚಿಗೆ ಇರಲಿ.