ಐಡಿ ಬ್ಲಾಕ್ ಆದರೆ ಯಾರನ್ನು ಕೇಳಬೇಕು?

ಡೆಲಿವರಿಯಂಥ ಆ್ಯಪ್ ಕೆಲಸದಲ್ಲಿ ಸ್ವಾತಂತ್ರ್ಯ ಇದೆ, ಬೇಕಾದಾಗ ಲಾಗಿನ್ ಆಗಬಹುದು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಲಾಗಿನ್ ಆಗೋದೇನೋ ಸರಿ. ಆರ್ಡರ್ ಯಾರ ಕೈಯಲ್ಲಿದೆ ಸರ್? ನಮ್ಮ ಬೀದಿಯ ಬೇಕರಿ ಮುಂದೆ ರಾತ್ರಿ ಡೆಲಿವರಿ ಹುಡುಗರು ನಿಂತಿರುತ್ತಾರೆ. ಮೊನ್ನೆ ಒಬ್ಬ ಫೋನ್ ತೋರಿಸಿದ. ಇನ್ನೊಂದೇ ಆರ್ಡರ್ ಮುಗಿಸಿದರೆ ದಿನದ ಬೋನಸ್. ಮುಕ್ಕಾಲು ಗಂಟೆಯಿಂದ ಅದೊಂದೇ ಬಂದಿಲ್ಲ. ಬೇಕಂತಲೇ ತಡೆಯುತ್ತಾರೋ, ಸುಮ್ನೆ ಹಾಗಾಗುತ್ತದೋ, ಅವನಿಗೆ ತಿಳಿಯುವ ದಾರಿಯೇ ಇಲ್ಲ. ಪೆಟ್ರೋಲು, ಬೈಕ್ ಇಎಂಐ, ಪಂಕ್ಚರ್ ಎಲ್ಲ ಅವನ ಜೇಬಿಂದಲೇ.

2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿ, ಅಂದರೆ ಹೀಗೆ ಆ್ಯಪ್ ಮೂಲಕ ದುಡಿಯುವವರಿಗಾಗಿ, ಕಾನೂನು ತಂದಿದ್ದನ್ನು ನೀವು ಹೇಳೇ ಇಲ್ಲ. ಅದರ ಪ್ರಕಾರ ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಕಂಪನಿಗಳು ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಕಟ್ಟಬೇಕು. ಕೆಲಸದಿಂದ ತೆಗೆಯುವಾಗ ಸಾಮಾನ್ಯವಾಗಿ 14 ದಿನ ಮುಂಚೆ ನೋಟಿಸ್ ಕೊಡಬೇಕು, ಕಾರಣವನ್ನೂ ಹೇಳಬೇಕು. ನನಗೆ ಶುಲ್ಕದ ದುಡ್ಡಿಗಿಂತ ಈ ನೋಟಿಸೇ ದೊಡ್ಡದು ಅನ್ನಿಸುತ್ತದೆ. ಐಡಿ ಬ್ಲಾಕ್ ಆದರೆ, ಅಂದರೆ ಲಾಗಿನ್ ಆಗದಂತೆ ಕಂಪನಿ ತಡೆದರೆ, ಜಗಳ ಆಡೋಕೂ ಒಬ್ಬ ಮ್ಯಾನೇಜರ್ ಸಿಗಲ್ಲ, ಚಾಟ್‌ನಲ್ಲಿ ಅದೇ ರೆಡಿಮೇಡ್ ಉತ್ತರ. ಆರ್ಡರ್ ಹಂಚಿಕೆ, ರೇಟಿಂಗ್ ಹೇಗೆ ನಡೆಯುತ್ತವೆ ಅಂತ ಕಾರ್ಮಿಕರಿಗೆ ತಿಳಿಸಬೇಕು ಅಂತಲೂ ಕಾನೂನಿನಲ್ಲಿದೆ. ಎಷ್ಟು ಕಂಪನಿಗಳು ತಿಳಿಸುತ್ತಿವೆ ಅಂತ ಆ ಹುಡುಗರನ್ನೇ ವಿಚಾರಿಸಿ ಇನ್ನೊಂದು ಲೇಖನ ಬರೆಯಿರಿ.